ಮೈಕಿಲ್ಲದ ಭಾನುವಾರ

ಹೊಂಡುರಾಸಿನ ಎಲ್ ಪಕಾಯಲ್ ಬೆಟ್ಟದ ಪುಟ್ಟ ಕ್ರೈಸ್ತ ಸಭೆಗೆ ಬರುತ್ತಿದ್ದವರು ಒಂದೇ ಬೆಂಚು ತುಂಬುವಷ್ಟು ಜನ. ಈಸ್ಟರ್ ಹಬ್ಬದೊಳಗೆ ಜನ ಹೆಚ್ಚದಿದ್ದರೆ ಬಾಗಿಲು ಹಾಕಿ, ಇದ್ದವರನ್ನು ಪೇಟೆಯ ದೇವಾಲಯಕ್ಕೆ ಸೇರಿಸುವುದಾಗಿ ಮೇಲಿನವರು ಹೇಳಿಹೋಗಿದ್ದರು. ಅಂದಿನಿಂದ ಪಾದ್ರಿ ಅಬೆಲಿನೊ ಅಯ್ಯನವರ ಹೆಂಡತಿ ನಿಕೊಲಾಸಾಗೆ ಅದೇ ಚಿಂತೆ. ಆ ಸಭಾಮನೆಯ ಗೋಡೆಗಳ ಮಣ್ಣನ್ನು ತುಳಿದು ಹದ ಮಾಡಿದ್ದು ಅವಳ ಕಾಲುಗಳೇ.

ಅಯ್ಯನವರು ಹಿಡಿದದ್ದು ಆ ಸೀಮೆಯ ಸಭೆಗಳೆಲ್ಲ ಹಿಡಿಯುವ ದಾರಿ. ಮೈಕಿನ ಬಾಯನ್ನು ಬೀದಿಗೆ ತಿರುಗಿಸಿದರು. ವಾಕ್ಯ ಕಿವಿಗೆ ಬಿದ್ದರೆ ಜನ ತಾವಾಗಿ ಬಂದಾರೆಂಬ ನಂಬಿಕೆ. ಅವರು ಬಾಯಿ ತೆರೆದರೆ ಆಚೆ ಬೆಟ್ಟದ ಕತ್ತೆಯೂ ಕಿವಿ ನಿಮಿರಿಸುತ್ತಿತ್ತು. ಜನ ಮಾತ್ರ ಕಿಟಕಿ ಮುಚ್ಚಿಕೊಳ್ಳುತ್ತಿದ್ದರು.

ಒಂದು ಶನಿವಾರ ಎದುರುಮನೆಯ ಟ್ರಾನ್ಸಿತೊ ಸೊಂಟಕ್ಕೆ ಕೈಯಿಟ್ಟು ಬಾಗಿಲಲ್ಲಿ ನಿಂತಳು.

“ಏನಮ್ಮ ನಿಕೊಲಾಸಾ, ನಿಮ್ಮ ದೇವರಿಗೆ ಕಿವಿ ಮಂದವಾ? ನಮ್ಮ ಮಗಳು ಡೆಲ್ಮಿ ಹಸಿಬಾಣಂತಿ. ಕೂಸು ಕಣ್ಣು ಮುಚ್ಚೋದೇ ತಡ, ನಿಮ್ಮ ಯಜಮಾನ್ರು ‘ಎಚ್ಚರವಾಗಿರಿ’ ಅಂತ ಅರಚ್ತಾರೆ. ನಾವೇನು ಮಲಗಿದೀವಾ?”

ನಿಕೊಲಾಸಾಗೆ ನಗುವೂ ಬಂತು, ನಾಚಿಕೆಯೂ ಆಯಿತು. “ಬಾಣಂತಿಗೆ ಸಾರು ಯಾರು ಮಾಡ್ತಿದಾರಕ್ಕ?”

“ಇನ್ಯಾರಿದಾರೆ? ನಾನೊಬ್ಳೇ. ಕೋಳಿ ಕೊಯ್ಯಲಾ, ಬಟ್ಟೆ ಒಗೀಲಾ, ರೊಟ್ಟಿ ತಟ್ಟಲಾ?”

ನಲವತ್ತು ದಿನ ಬಾಣಂತಿಗೆ ಕೋಳಿಸಾರು ತಪ್ಪಕೂಡದು. ನಿಕೊಲಾಸಾ ತನ್ನ ಕೋಳಿಯನ್ನೇ ಕೊಯ್ದಳು. ಸಭೆಯ ಹೆಂಗಸರಿಬ್ಬರು ಬಟ್ಟೆ ಒಗೆಯಲು ಹೋದರು. ಸಂಜೆ ಅವಳು ಗಂಡನಿಗೆ ಹೇಳಿದಳು: “ನಾಳೆ ಮೈಕು ಬೇಡ ರೀ.”

“ತಲೆ ಕೆಟ್ಟಿದೆಯಾ? ಇರೋ ಒಂದು ದಾರೀನೂ ಮುಚ್ತೀಯಲ್ಲ!”

“ಕೂಸು ಮಲಗ್ಲಿ. ಯೇಸುಸ್ವಾಮೀನೂ ಕೂಸಾಗಿದ್ದೋನೇ ಅಲ್ವಾ?”

 ಅಯ್ಯನವರು ಎದ್ದು ಮೈಕಿನ ತಂತಿ ಕಿತ್ತರು.

ಭಾನುವಾರ ಮೆಲುದನಿಯಲ್ಲಿ ಎರಡು ಹಾಡು ಮುಗಿದಿತ್ತು. ಬಾಗಿಲಲ್ಲಿ ಒಂದೊಂದೇ ಮುಖ ಇಣುಕತೊಡಗಿತು. ಕಾಫಿ ತೋಟದ ಮುದುಕ ಫುಲ್ಖೆನ್ಸಿಯೊ ಟೋಪಿ ತೆಗೆದು ಕೇಳಿದ: “ಅಯ್ನೋರು ಹೇಗಿದಾರೆ? ಸದ್ದೇ ಇಲ್ಲ, ಏನೋ ಆಗೋಯ್ತು ಅಂದ್ಕೊಂಡ್ವಿ.” ಅವನ ಹಿಂದಿದ್ದ ಹೆಂಗಸು ಸಾವಿನ ಮನೆಗೆ ಒಯ್ಯುವ ವಾಡಿಕೆಯಂತೆ ಕಾಫಿಪುಡಿ, ಸಕ್ಕರೆ ಕಟ್ಟಿಕೊಂಡೇ ಬಂದಿದ್ದಳು.

“ಬದುಕಿದೀನಪ್ಪಾ! ತಂದಿದ್ದನ್ನ ವಾಪಸ್ ಒಯ್ಯಬೇಡಿ, ಒಳಗೆ ಬನ್ನಿ,” ಎಂದು ಅಯ್ಯನವರು ನಕ್ಕರು.

ಪ್ರಾರ್ಥನೆ ಮುಗಿದ ಮೇಲೆ ಆ ಪುಡಿಯಲ್ಲೇ ಕಾಫಿ ಕುದಿಯಿತು. ಕುಡಿಯುತ್ತ ಕೂತಾಗ, ಯಾರ ಮನೆಯಲ್ಲಿ ಯಾರು ಹಾಸಿಗೆ ಹಿಡಿದಿದ್ದಾರೆಂದು ನಿಕೊಲಾಸಾಗೆ ಒಂದೊಂದಾಗಿ ತಿಳಿಯಿತು. ಇಷ್ಟು ದಿನ ತಾವು ಹೇಳಿದ್ದೇ ಆಯಿತು, ಕೇಳಿರಲೇ ಇಲ್ಲ. ಮರುದಿನದಿಂದ ಸಭೆಯ ಹೆಂಗಸರು ಸಾರಿನ ಗಡಿಗೆ ಹೊತ್ತು ಆ ಮನೆಗಳಿಗೆ ನಡೆದರು. ಭಾನುವಾರ ಬಂದರೆ ಆ ಮನೆಗಳಿಂದ ಯಾರಾದರೂ ಇತ್ತ ನಡೆದು ಬರುತ್ತಿದ್ದರು.

ಈಸ್ಟರ್ ದಿನ ಜನ ಎಷ್ಟೆಂದು ನೋಡಲು ಮೇಲಿನವರು ಕಳಿಸಿದ ಹಿರಿಯರೊಬ್ಬರು ತಡವಾಗಿ ಬಂದರು. ಬಾಗಿಲಲ್ಲೇ ಟ್ರಾನ್ಸಿತೊ ಅಡ್ಡ ನಿಂತಳು.

“ಒಳಗೆ ಕಾಲಿಡೋಕೂ ಜಾಗ ಇಲ್ಲ ಸ್ವಾಮಿ. ಮೆಟ್ಟಿಲ ಮೇಲೆ ಕೂತ್ಕೊಳ್ಳಿ.”

ಹಿರಿಯರು ಒಳಗೊಮ್ಮೆ ಕತ್ತು ಚಾಚಿ ನೋಡಿದರು. ಆಮೇಲೆ ಕೋಟು ಸರಿಪಡಿಸಿಕೊಂಡು, ಫುಲ್ಖೆನ್ಸಿಯೊ ಸರಿದು ಕೊಟ್ಟ ಜಾಗದಲ್ಲಿ ಕೂತು, ಹಾಡಿಗೆ ದನಿಗೂಡಿಸಿದರು.