ಸೋಪಿನ ನೀರು ತೋರಿಸಿದ ಸೋರಿಕೆ

ಬಿಸಿಲಿನ ಕರೆಂಟಿನಿಂದ ಟ್ಯಾಂಕಿಗೆ ಗಾಳಿ ತುಂಬಿಟ್ಟು, ಬೇಕಾದಾಗ ಅದೇ ಗಾಳಿಯಿಂದ ಬಲ್ಬು ಉರಿಸುವುದು ಜಯಾಳ ಕಾಲೇಜು ಪ್ರಾಜೆಕ್ಟ್. ಪರೀಕ್ಷಕರು ಹನ್ನೊಂದಕ್ಕೆ ಬರುವವರಿದ್ದರು. ಒಂಬತ್ತಾದರೂ ಟ್ಯಾಂಕಿನಲ್ಲಿ ಗಾಳಿ ನಿಲ್ಲುತ್ತಿರಲಿಲ್ಲ. ಬೆಸುಗೆಗಳನ್ನೆಲ್ಲ ಅವಳು ಎರಡೆರಡು ಸಲ ನೋಡಿದ್ದಳು. ಟ್ಯಾಂಕನ್ನು ಆಟೊದಲ್ಲಿ ಹಾಕಿಕೊಂಡು ಇಟ್ಟಮಡುವಿನ ಪಂಕ್ಚರ್ ಅಂಗಡಿಗೆ ಬಂದಳು.

ಅಂಗಡಿಯ ಗುರುಸಿದ್ದ ಗಾಳಿ ಹೊಡೆದು, ಟ್ಯಾಂಕಿನ ಮೈಗೆಲ್ಲ ಸೋಪಿನ ನೀರು ಬಳಿದ. ಗುಳ್ಳೆ ಎದ್ದದ್ದು ವಾಲ್ವಿನ ಬಾಯಲ್ಲಿ.

“ಎಲ್ಲಾ ನೋಡೀರಿ ಇಂಜಿನಿಯರ್ ಮೇಡಂ, ಗಾಳಿ ತುಂಬೋ ಬಾಗಲಾನ ಬಿಟ್ಟೀರಲ್ರಿ!”

“ನಗಬೇಡಿ ಅಣ್ಣ, ಬೇಗ ಮಾಡ್ಕೊಡಿ.”

ಅವನು ವಾಲ್ವಿನ ಪಿನ್ ಬದಲಿಸಿದ. ಪರೀಕ್ಷಕರ ಮುಂದೆ ಬಲ್ಬು ನಾಲ್ಕು ನಿಮಿಷ ಉರಿಯಿತು. ಅಂದು ಸಂಜೆ ಜಯಾ, ಬೈಂಡ್ ಆಗಿದ್ದ ವರದಿಯ ಕೃತಜ್ಞತೆಯ ಪುಟದಲ್ಲಿ ಪ್ರಿನ್ಸಿಪಾಲರ ಹೆಸರಿನ ಕೆಳಗೆ ಪೆನ್ನಿನಿಂದ ಬರೆದಳು: ಶ್ರೀ ಗುರುಸಿದ್ದ, ಪಂಕ್ಚರ್ ಅಂಗಡಿ, ಇಟ್ಟಮಡು.