ಕೈಗುಣ

ಒಂದೇ ಗುಳ್ಳೆ, ಪಾತ್ರೆಯ ಅಂಚಿನಲ್ಲಿ, ಒಡೆಯದೆ ಹಾಗೇ ಕೂತಿದೆ, ಗ್ಯಾಸಿನ ತಿರುಪಿನ ಮೇಲೆ ಸಫಿಯಾಳ ಕೈ, ಎಷ್ಟು ಹಗುರ ನನ್ನ ಮಗಳ ಕೈ, ಹದಿನೆಂಟಕ್ಕೇ ಇಷ್ಟು ತಿಳಿದದ್ದು ಹೇಗೆ, ದೇವರಾಣೆ ನಾನು ಕಲಿಸಲಿಲ್ಲ — ಬೆಳಿಗ್ಗೆ ಕಿಫ್, ನಮ್ಮ ಬೆಟ್ಟದ ಭಂಗಿ ಸೊಪ್ಪನ್ನು ಮಣ್ಣಿನ ಬಾಣಲೆಯಲ್ಲಿ ಬೆಚ್ಚಗೆ ಮಾಡಿದಳು, ಸೀಯಲು ಬಿಡಲಿಲ್ಲ, ಘಮ ಏರಿದ್ದೇ ತಡ ಇಳಿಸಿದಳು, ಈಗ ಆಲಿವ್ ಎಣ್ಣೆ, ಅಡಿಯಲ್ಲಿ ನೀರು, ಕುದಿಯಬಾರದು, ಕುದಿದರೆ ಅಮಲೆಲ್ಲ ಹಾರಿಹೋಗಿ ಹುಲ್ಲಿನ ಸಾರು ಉಳಿಯುತ್ತದೆ, ಕುದಿಯಲಿ, ಯಾ ರಬ್ಬಿ, ಇವತ್ತೊಂದು ದಿನ ಕುದಿಯಲಿ. ಪರದೆಯಾಚೆ ಅತ್ತೆ ಲಲ್ಲಾ ರಹ್ಮಾ ಜಪಮಣಿ ಎಣಿಸುತ್ತಿದ್ದಾಳೆ, ಕಣ್ಣು ಹೋಗಿ ಆರು ವರ್ಷ, ಮೂಗು ಕಿವಿ ಮಾತ್ರ ಬೆಕ್ಕಿನವು, ಪಿಸುಗುಟ್ಟಿದರೂ ಕೇಳಿಸುತ್ತದೆ, ಈ ರಿಫ್ ಬೆಟ್ಟದ ಯಾವ ಮದುವೆಯ ಮಾಜೂನ್‌ಗೂ, ಆ ಅಮಲಿನ ಸಿಹಿ ಉಂಡೆಗೂ, ಎಣ್ಣೆ ನಮ್ಮ ಮನೆಯದೇ ಆಗಬೇಕು. ನಿನ್ನೆ ನನ್ನೊಬ್ಬಳನ್ನೇ ಕರೆದಳು, ನೋಡೇ ಯಾಮ್ನಾ, ನಿನ್ನ ಮಣಿಕಟ್ಟು ಹೋಯ್ತು, ನಾಳೆ ಎಣ್ಣೆ ನಿನ್ನ ಮಗಳೇ ಮಾಡ್ಲಿ, ಹದ ಬಂದ್ರೆ ಇಲ್ಲೇ ಇರ್ತಾಳೆ, ಕೆಟ್ರೆ ಹೋಗ್ಲಿ ತೆತುವಾನ್‌ಗೆ, ನರ್ಸಿಂಗ್ ಶಾಲೇಲಿ ಸೂಜಿ ಚುಚ್ಚೋದು ಕಲೀಲಿ, ಅವಳಿಗೆ ಹೇಳ್ಬೇಡ ಮತ್ತೆ, ಹೇಳಿದ್ರೆ ಬೇಕಂತ್ಲೇ ಕೆಡಿಸ್ತಾಳೆ. ನನ್ನ ಗಂಡ ಮುಫದ್ದಲ್ ಪುದೀನ ಚಹಾ ಹೀರುತ್ತಾ ಕೂತಿದ್ದ, ಅಮ್ಮ ಹೇಳಿದ್ಮೇಲೆ ಮುಗೀತು, ಅಷ್ಟೇ ಅವನ ಮಾತು.

ನಾನೂ ಒಂದು ಕಾಲಕ್ಕೆ ಹೊಸ ಸೊಸೆ, ಮೆಚ್ಚಿಸುವ ಹುಚ್ಚು, ಇಡೀ ಮಧ್ಯಾಹ್ನ ಒಲೆ ಮುಂದೆ ಕದಲದೆ ಕೂತೆ, ಅತ್ತೆ ಬೆರಳದ್ದಿ ನಾಲಿಗೆಗಿಟ್ಟು, ಬರಕತ್ತಿನ ಕೈಗುಣ ಕಣೇ ನಿಂದು ಅಂದಳು, ಎಷ್ಟು ಹಿಗ್ಗಿದೆ ನಾನು, ಮುಠ್ಠಾಳಿ, ಆ ಒಂದು ಮಾತಿಗೆ ಇಪ್ಪತ್ತೆರಡು ವರ್ಷ, ಆಚೆ ಊರಲ್ಲಿ ನನ್ನ ಅಪ್ಪನ ಹೆಣ ಎತ್ತುವಾಗಲೂ ಎಣ್ಣೆ ಒಲೆಯ ಮೇಲಿತ್ತು, ಇಳಿಸಿ ಹೋಗು ಎಂದು ಯಾರೂ ಅನ್ನಲಿಲ್ಲ, ನಾನೂ ಇಳಿಸಲಿಲ್ಲ, ಅದಕ್ಕೇ ಹೊಟ್ಟೆ ಉರಿಯುತ್ತದೆ — ಸಫಿಯಾ ನೀರಿಗೆಂದು ಅಂಗಳಕ್ಕೆ ಹೋದಳು, ಹೋದಳು, ತಿರುಪು ತಿರುಗಿಸಿಬಿಟ್ಟೆ, ಪೂರ್ತಿ, ಉರಿ ಪಾತ್ರೆಯ ತಳ ನೆಕ್ಕುತ್ತಿದೆ, ಗುಳ್ಳೆ ಎರಡು, ಹತ್ತು, ಸೊಪ್ಪು ಕೆಳಮೇಲಾಗುತ್ತಿದೆ, ತೆತುವಾನ್‌ಗೆ ಹೋಗುವ ಸೋಮವಾರದ ಬಸ್ಸು, ಕಿಟಕಿಯಲ್ಲಿ ನನ್ನ ಮಗಳು, ಇನ್ನೊಂದು ಚೂರು, ಇನ್ನೊಂದೇ ಚೂರು, ಅಯ್ಯೋ ಅಮ್ಮಾ, ಕೂತಲ್ಲೇ ನಿದ್ದೆ ಹೋದ್ಯಾ, ಬಿಂದಿಗೆ ಬಾಗಿಲಲ್ಲೇ ಕುಕ್ಕಿ ಓಡಿಬಂದಳು, ಬಟ್ಟೆ ಸುತ್ತಿ ಪಾತ್ರೆ ಎತ್ತಿದಳು, ಉರಿ ತಗ್ಗಿಸಿದಳು, ನಾನು ಅವಳ ಮುಂಗೈ ಹಿಡಿದೆ, ಬಿಟ್ಟುಬಿಡು ಎಂದು ಕಣ್ಣಲ್ಲೇ ಬೇಡಿದೆ, ಅವಳು ನಕ್ಕಳು, ನಿಂಗೆ ವಯಸ್ಸಾಯ್ತಮ್ಮ, ಸರಿ ಅತ್ಲಾಗೆ, ನಾನ್ ನೋಡ್ಕೋತೀನಿ. ಪರದೆಯಾಚೆ ಜಪಮಣಿ ನಿಂತಿತು. ಉರಿ ಏರಿತ್ತು, ಸಮಯಕ್ಕೆ ಇಳೀತು, ಯಾರದೇ ಆ ಕೈ? ನನ್ನದು ಅನ್ನಬೇಕು, ನನ್ನದು ಲಲ್ಲಾ, ಬಾಯಿ ತೆರೆಯುವಷ್ಟರಲ್ಲಿ, ನಂದಜ್ಜೀ, ಸಫಿಯಾ ಕೂಗಿದಳು, ನಂದೇ, ಮುಖವೆಲ್ಲ ಹಿಗ್ಗು, ಪರದೆಯಾಚೆಯಿಂದ ಅತ್ತೆ, ಇಷ್ಟು ಬೇಗ ಕಲ್ತೆಯಾ ಮಗಳೇ, ಕೈಗುಣ ಅಂದ್ರೆ ಇದು ನೋಡು, ಸಫಿಯಾ ನನ್ನತ್ತ ತಿರುಗಿ ಹುಬ್ಬು ಹಾರಿಸುತ್ತಾಳೆ, ಕೇಳಿದ್ಯಾ ಅಮ್ಮಾ, ಪಾತ್ರೆ ಮತ್ತೆ ಒಲೆಗೇರಿದೆ, ಎಣ್ಣೆ ಅಲುಗುತ್ತಿಲ್ಲ, ತಿರುಪಿನ ಮೇಲೆ ಅವಳ ಕೈ, ಹಗುರ, ಉಗುರಿನ ಸಂದಿಗೆಲ್ಲ ಹಸಿರು, ಅವಳ ಕೈ, ಆ ಕೈ