ಮಾಘದ ಗುಡುಗು

ಬಬಲೇಶ್ವರದಲ್ಲಿ ರಾಜನಾಗಲು ಊರಿಗೆ ಊರೇ ತುದಿಗಾಲ ಮೇಲೆ ನಿಂತಿತ್ತು. ಗುಡುಗಾಗಲು ಮಾತ್ರ ಒಬ್ಬನೂ ಮುಂದೆ ಬರಲಿಲ್ಲ.

ಮಹಾಯುದ್ಧ ಮುಗಿದ ಮರುವರ್ಷದ ಮಾತಿದು. ವಿಜಾಪುರದ ಕಡೆ ಊರೂರು ತಿರುಗುತ್ತಿದ್ದ ನಾಟಕ ಕಂಪನಿಯೊಂದು ದೀಪಕ್ಕೆ ಸೀಮೆಎಣ್ಣೆ ಸಿಗದೆ ನಿಂತುಹೋಯಿತು. ಅಲ್ಲಿ ಹಾರ್ಮೋನಿಯಂ ಪೇಟಿ ಬಾರಿಸುತ್ತಿದ್ದ ಜಿಲಾನಿ ಮಾಸ್ತರರು ಹೆಂಡತಿ ಮಾಬುಬಿ, ಪೇಟಿ, ಎರಡು ಹಳೆಯ ಪರದೆ, ಇಷ್ಟೇ ಆಸ್ತಿಯನ್ನು ಚಕ್ಕಡಿಗೆ ಹೇರಿಕೊಂಡು ಬಬಲೇಶ್ವರಕ್ಕೆ ಬಂದು ‘ನಾಟಕ ಸಾಲಿ’ ತೆರೆದರು. ಹಿರಿಯರಾದ ಶಿವಯೋಗೆಪ್ಪನವರು ತಮ್ಮ ಖಾಲಿ ಹತ್ತಿ ಉಗ್ರಾಣವನ್ನು ಅದಕ್ಕೆ ಬಿಟ್ಟುಕೊಟ್ಟರು. ಮಗ ಗುರಲಿಂಗಪ್ಪನಿಗೆ ರಾಜನ ಪಾತ್ರ ಸಿಗಲಿ ಎಂಬ ಆಸೆ ಆ ಔದಾರ್ಯದ ಹಿಂದೆ ಇತ್ತೆಂದು ಊರಿನ ನಾಲಿಗೆಗಳು ಆಡಿಕೊಂಡವು. ಊರಿನ ನಾಲಿಗೆಗಳು ಸುಳ್ಳು ಹೇಳುವುದು ಕಡಿಮೆ.

ಯಾರು ಬೇಕಾದರೂ ಬರಬಹುದು, ಅಕ್ಷರ ಬರದಿದ್ದರೂ ನಡೆಯುತ್ತದೆ ಎಂದು ಮಾಸ್ತರರು ಸಾರಿದ್ದರು. ಸಂಜೆ ಹೊಲದಿಂದ ಬಂದವರು ಕೈಕಾಲು ತೊಳೆದುಕೊಂಡು ನೇರ ಉಗ್ರಾಣಕ್ಕೇ ನಡೆದರು. ಮೊದಲ ದಿನ ಮಾಸ್ತರರು, “ನಾಟಕದಾಗ ಎರಡು ವಿದ್ಯಾ ಇರ್ತಾವ. ಒಂದು ಪರದೆ ಮುಂದಿಂದು, ಒಂದು ಪರದೆ ಹಿಂದಿಂದು. ಗುಡುಗು, ಮಳಿ, ಕುದರಿ ಸಪ್ಪಳ ಎಲ್ಲಾ ಹಿಂದಿನ ವಿದ್ಯಾ. ಅದನ್ನ ಯಾರು ಕಲೀತೀರಿ?” ಎಂದು ಕೇಳಿದಾಗ ಎಲ್ಲರೂ ಸೂರು ನೋಡುತ್ತ ಕೂತರು. ಸಿಂಪಿಗ ಯಾಕೂಬನಂತೂ ಮೀಸೆ ಬೋಳಿಸಿಕೊಂಡು ರಾಣಿಯಾಗಲು ಒಪ್ಪಿದ, ಗುಡುಗಾಗಲು ಒಪ್ಪಲಿಲ್ಲ.

“ಮೀಸಿ ಹ್ವಾದ್ರೂ ಮಂದಿಗೆ ಮಾರಿ ಕಾಣ್ತೈತಿ ನೋಡ್ರಿ” ಎಂದ.

ಮಾಸ್ತರರು ಬಾಗಿಲ ಬಳಿ ಕೂತಿದ್ದ ಶಿವಯೋಗೆಪ್ಪನವರ ಕಡೆ ತಿರುಗಿದರು. “ಗೌಡ್ರ, ಹೆಣ್ಮಕ್ಕಳು ಯಾರರ ಕಲಿಯೂ ಹಂಗಿದ್ರ ಕಳಸ್ರಿ. ಪರದೆ ಹಿಂದಿನ ಕೆಲಸ. ಯಾರ ಕಣ್ಣಿಗೂ ಬೀಳಂಗಿಲ್ಲ.”

ಶಿವಯೋಗೆಪ್ಪ ಹೊಟ್ಟೆ ಕುಲುಕಿಸಿ ನಕ್ಕರು. “ನಾಟಕದಾಗ ಹೆಣ್ಮಕ್ಕಳೇನ್ರಿ? ಮಾಘದಾಗ ಗುಡುಗಿದ ದಿನ ಕೇಳ್ರಿ ಮಾಸ್ತರ. ಅವತ್ತ ನನ್ನ ಸೊಸೀನ್ನ ನಾನ ಕೈ ಹಿಡಿದು ಕರ್ಕೊಂಡು ಬರ್ತೇನಿ!”

ಉಗ್ರಾಣವೆಲ್ಲ ನಕ್ಕಿತು. ಮಾಘವೆಂದರೆ ಜೋಳದ ರಾಶಿಯ ಕಾಲ. ಆಕಾಶ ಒಣಗಿ ಹಪ್ಪಳವಾಗಿರುತ್ತದೆ. ಆಗ ಗುಡುಗುವುದು ಎಂದರೆ ಎತ್ತು ಕರು ಹಾಕಿದ ಹಾಗೆ.

ನಗದವಳು ಒಬ್ಬಳೇ, ಹೊರಗೆ ಕೊಡ ಹೊತ್ತು ಹೋಗುತ್ತಿದ್ದ ಸೊಸೆ ನೀಲಾಬಾಯಿ. ತವರೂರು ಘೋಣಸಗಿಯಲ್ಲಿ ಅವಳು ಕರುವಿನಂತೆ ಕೂಗಿ ಎಮ್ಮೆ ಹಾಲು ತೊರೆಬಿಡುವಂತೆ ಮಾಡಿದ ಹುಡುಗಿ. ಬಂಡಿಯ ಕಿರುಗುಟ್ಟುವಿಕೆ, ಗಿರಣಿಯ ತುಕ್ ತುಕ್, ಸಿಟ್ಟಿಗೆದ್ದ ಸೋದರತ್ತೆ, ಯಾವ ಸದ್ದೂ ಅವಳ ಬಾಯಿಗೆ ಬಾರದೆ ಹೋಗುತ್ತಿರಲಿಲ್ಲ. ಲಗ್ನವಾಗಿ ಬಂದ ಮೇಲೆ ಆ ಬಾಯಿಗೆ ‘ಹೂಂರಿ’, ‘ಆತ್ರಿ’ ಎರಡೇ ಮಾತು ಉಳಿದಿದ್ದವು. ಮಾವನ ನಗೆ ಕೇಳಿ ಅವಳಿಗೆ ಸಿಟ್ಟೇ ಬಂತು.

ಮಾರನೆಯ ದಿನದಿಂದ ಉಗ್ರಾಣದ ಹಿಂಭಾಗಕ್ಕೆ, ಮಾಸ್ತರರ ಸಂಸಾರವಿದ್ದ ಕಡೆಗೆ, ಮಜ್ಜಿಗೆ ಕೊಡುವ ನೆವದಲ್ಲಿ ಅವಳ ಓಡಾಟ ಶುರುವಾಯಿತು. ಮಾಬುಬಿ ಕಂಪನಿಯಲ್ಲಿ ವರ್ಷಗಟ್ಟಲೆ ಮಳೆ ಸುರಿಸಿದ ಹೆಂಗಸು. ಮೊರದಲ್ಲಿ ಕುಸುಬಿ ಆಡಿಸಿದರೆ ಜಿಟಿಜಿಟಿ ಮಳೆ, ಸಣ್ಣ ಹರಳು ಆಡಿಸಿದರೆ ಜಡಿಮಳೆ, ಕೊಬ್ಬರಿ ಚಿಪ್ಪಿನಲ್ಲಿ ನೆಲ ಕುಟ್ಟಿದರೆ ಕುದುರೆ. ನೀಲಾಬಾಯಿ ಎಲ್ಲವನ್ನೂ ನೀರು ಕುಡಿದಷ್ಟು ಸಲೀಸಾಗಿ ಕಲಿತಳು. ಗುಡುಗಿನಲ್ಲೇ ಗಾಡಿ ಸಿಕ್ಕಿಬಿತ್ತು. ಕಂಪನಿಯಲ್ಲಿ ದೊಡ್ಡ ತಗಡು ಅಲುಗಿಸಿ ಗುಡುಗಿಸುತ್ತಿದ್ದರು, ಯುದ್ಧಕಾಲದಿಂದ ಅಂಥ ತಗಡೆಂಬುದು ಕಣ್ಣಿಗೆ ಬೀಳುತ್ತಿರಲಿಲ್ಲ. ಎಣ್ಣೆ ಡಬ್ಬಿ ಬಡಿದರೆ ಅಡುಗೆಮನೆಗೆ ಬೆಕ್ಕು ಹೊಕ್ಕ ಹಾಗೆ ಕೇಳುತ್ತಿತ್ತು.

ಒಂದು ಸಂಜೆ ಪರದೆಯ ಆಚೆಯಿಂದ ಮಾಸ್ತರರೇ ಮಾತಾಡಿದರು. “ಬೇಟಿ, ಗುಡುಗು ಜಿಗಿದು ಬರಂಗಿಲ್ಲ, ನಡದು ಬರ್ತೈತಿ. ಮೊದಲ ಮಮದಾಪುರದ ಕೆರಿ ಮ್ಯಾಲೆ ಗುಡುಗಬೇಕು. ಆಮ್ಯಾಲೆ ನಮ್ಮೂರ ಅಗಸಿ ಬಾಗಲಕ್ಕ. ಆಮ್ಯಾಲೆ ನೆತ್ತಿ ಮ್ಯಾಲೆ. ನಡುನಡುವ ಸುಮ್ಮನಿರಾಕ ಕಲಿಬೇಕು.”

ನೀಲಾಬಾಯಿಯ ಕೈಯಿಂದ ಡಬ್ಬಿ ಜಾರಿತು. ಮಾಸ್ತರರು ಸಿಟ್ಟಾಗಿರಲಿಲ್ಲ, ಆದರೆ ನಗುತ್ತಲೂ ಇರಲಿಲ್ಲ. “ಈ ಉಗ್ರಾಣ ನಿಮ್ಮ ಮಾವಂದು. ಅವರಿಗೆ ಗೊತ್ತಾದ್ರ ಸಾಲಿ ಬಾಗಲಾ ಹಾಕ್ತಾರ. ಈ ನಾಟಕ ಒಂದಕ್ಕ ಮಾಡು. ಆಮ್ಯಾಲೂ ಕಲಿಬೇಕು ಅಂದ್ರ ಅವರ ಒಪ್ಪಿಗಿ ಬೇಕವ್ವಾ. ಕದ್ದು ಕಲಸೂದು ನನಗ ಸರಿ ಅನಸೂದಿಲ್ಲ.”

“ಆತ್ರಿ” ಎಂದಳು ನೀಲಾಬಾಯಿ. ಒಂದೇ ನಾಟಕ. ಅಷ್ಟರಲ್ಲಿ ಮಾವನ ಮನಸ್ಸು ಒಲಿಯದಿದ್ದರೆ ಮತ್ತೆ ‘ಹೂಂರಿ’, ‘ಆತ್ರಿ’ಯೇ ಗತಿ.

ಗಂಡನಿಗೆ ತಾನೇ ಹೇಳಿದಳು. ರಾಜನ ಪಾತ್ರ ಗಿಟ್ಟಿಸಿದ್ದ ಗುರಲಿಂಗಪ್ಪ ಒಳ್ಳೆಯವ, ಆದರೆ ಅಪ್ಪನ ಮುಂದೆ ಅವನ ಎದೆ ಗುಬ್ಬಿಯದು. “ಅಪ್ಪಗ ಗೊತ್ತಾದ್ರ ಹೆಂಗ?” ಎಂದು ಬೆವೆತ.

“ನೀವು ಮಾತು ಮರ್ತಾಗ ಪರದೆ ಹಿಂದಿಂದ ಹೇಳಿಕೊಡಾಕಿ ನಾನ. ನೋಡ್ರಿ, ಹೇಳ್ಲೋ ಬ್ಯಾಡೋ?”

ರಾಜ ಅಲ್ಲೇ ಸಂಧಾನಕ್ಕೆ ಬಂದ.

ರಂಗ ಏಳತೊಡಗಿದ್ದು ಉಗ್ರಾಣದ ಮುಂದಿನ ಬಯಲಲ್ಲಿ. ಹಿಂದಿನ ಪರದೆ ಕಟ್ಟಿದ ಜಾಗದಲ್ಲಿ ಒಂದು ಹಳೆಯ ಹಗೇವು ಇತ್ತು. ನೆಲದೊಳಗೆ ಜೋಳ ತುಂಬಿಡುವ ಆ ಕಣಜ ಹೊಸ ರಾಶಿಗಾಗಿ ಬರಿದಾಗಿತ್ತು, ಬಾಯಿಗೆ ಹಲಗೆ ಮುಚ್ಚಿದ್ದರು. ಮಾಬುಬಿಯ ಸಾಮಾನು ಸಾಗಿಸುತ್ತ ನೀಲಾಬಾಯಿ ಹಲಗೆಯ ಮೇಲೆ ಕಾಲಿಟ್ಟಳು. ಕೆಳಗಿನಿಂದ ‘ಧುಂ’ ಎಂದಿತು. ಇನ್ನೊಂದು ಹೆಜ್ಜೆ ಇಟ್ಟಳು. ಮತ್ತೆ ‘ಧುಂ’. ಅವಳು ಸೀದಾ ಮನೆಗೆ ಓಡಿ ಒರಳಿನ ಗುಂಡುಕಲ್ಲನ್ನು ಸೆರಗಿನಲ್ಲಿ ಸುತ್ತಿ ತಂದು ಹಲಗೆಯ ಮೇಲೆ ಉರುಳಿಸಿದಳು. ಸದ್ದು ಹಗೇವಿನೊಳಗೆ ಇಳಿದು, ಹೊರಳಿ, ನೆಲದಡಿಯಿಂದ ಹರಿದು ಬಂತು. ಪೇಟಿ ಒರೆಸುತ್ತಿದ್ದ ಮಾಸ್ತರರು ಆಕಾಶ ನೋಡಿದರು. ಆಮೇಲೆ ನೀಲಾಬಾಯಿಯನ್ನು ನೋಡಿದರು. ಎರಡೂ ಕೈ ಎತ್ತಿ ಮುಗಿದರು. ಅಂದಿನಿಂದ ದಿನವೂ ಮಂದಿ ಹೊಲದಲ್ಲಿದ್ದ ಹೊತ್ತು ನೋಡಿ ಗುಡುಗನ್ನು ನಡೆಸುವುದು ಕಲಿಸಿದರು.

ಮಾಘದ ಹುಣ್ಣಿಮೆ ಕಳೆದು ಚಂದ್ರ ತಡವಾಗಿ ಏಳುವ ದಿನಗಳಲ್ಲಿ ನಾಟಕ ನಿಗದಿಯಾಯಿತು. ಎಣ್ಣೆ ಕಡಿಮೆಯಿದ್ದುದರಿಂದ ದೀಪ ಹಚ್ಚುವ ಹೊತ್ತಿಗೇ ಶುರು. ಹಂದರದ ಮೇಲೆ ಹೊದಿಸಲು ಬಟ್ಟೆ ಎಲ್ಲಿಂದ ಬರಬೇಕು? ಕಣದಲ್ಲಿ ರಾಶಿಗೆ ಮುಚ್ಚಲು ಇಟ್ಟುಕೊಂಡಿದ್ದ ತಾಡಪತ್ರಿಗಳನ್ನೇ ಒಬ್ಬೊಬ್ಬರು ಒಂದೊಂದು ತಂದುಕೊಟ್ಟರು. ಮಾಘದಲ್ಲಿ ಮಳೆ ಎಲ್ಲಿಯದು!

ಶಿವಯೋಗೆಪ್ಪ ಮುಂದಿನ ಸಾಲಿನಲ್ಲಿ ಕುರ್ಚಿ ಹಾಕಿಸಿಕೊಂಡು ಕೂತರು. ತೊಡೆಯ ಮೇಲೆ ಜರಿಯಂಚಿನ ಹೊಸ ರುಮಾಲು. ನಾಟಕದ ನಡುವೆ ಮೆಚ್ಚಿದ ಪಾತ್ರಕ್ಕೆ ಹೆಸರು ಕೂಗಿಸಿ ಉಡುಗೊರೆ ಕೊಡುವ ಆಯೇರಿ ನಮ್ಮ ಕಡೆಯ ಪದ್ಧತಿ. ಮಗ ರಾಜನಾಗಿ ಎರಡು ಮಾತಾಡಿದರೆ ಸಾಕು, ರುಮಾಲು ಅವನ ತಲೆಗೆ. ಹೆಂಗಸರ ಕಡೆ ಅವರ ಹೆಂಡತಿ ಅಕ್ಕನಾಗಮ್ಮ ಎಲೆಅಡಿಕೆ ಮೆಲ್ಲುತ್ತಿದ್ದಳು. ‘ಸೊಸಿ ಎಲ್ಲಿ?’ ಎಂದು ಯಾರೋ ಕೇಳಿದ್ದಕ್ಕೆ, ‘ಮಜ್ಜಿಗಿ ಕೊಡಾಕ ಹೋಗ್ಯಾಳ’ ಎಂದಳು.

ರಾಜ್ಯ ಕಳೆದುಕೊಂಡ ರಾಜ ರಾಣಿಯೊಂದಿಗೆ ಅಡವಿಗೆ ಬಂದ. ಗುರಲಿಂಗಪ್ಪ ಎರಡು ಸಲ ಮಾತು ಮರೆತ, ಎರಡು ಸಲವೂ ಅಡವಿಯ ಗಿಡವೊಂದು ಹೆಂಗಸಿನ ದನಿಯಲ್ಲಿ ಪಿಸುಗುಟ್ಟಿ ಕಾಪಾಡಿತು. ರಾಣಿ ಯಾಕೂಬ, “ಪ್ರಾಣನಾಥಾ, ಮೋಡ ಕವಿಯುತ್ತಿದೆ” ಎಂದು ಎದೆ ಹಿಡಿದುಕೊಂಡ.

ನೀಲಾಬಾಯಿ ಕಲ್ಲನ್ನು ಮೆಲ್ಲಗೆ ಉರುಳಿಸಿದಳು. ಮಮದಾಪುರದ ಕೆರೆಯ ಮೇಲೆ ಎಲ್ಲೋ ಗುಡುಗಿತು. ಜನರ ಗುಸುಗುಸು ತಟ್ಟನೆ ನಿಂತಿತು. ಅವಳು ಮಾಸ್ತರರು ಹೇಳಿದಂತೆ ಕಾದಳು. ಮತ್ತೆ ಉರುಳಿಸಿದಳು, ಗುಡುಗು ಅಗಸಿ ಬಾಗಿಲಿಗೆ ಬಂತು. ಪಕ್ಕದಲ್ಲಿ ಮಾಬುಬಿ ಕುಸುಬಿಯ ಮೊರ ಎತ್ತಿಕೊಂಡಳು. ಮೂರನೆಯ ಸಲ ನೀಲಾಬಾಯಿ ಮೈಯಲ್ಲಿದ್ದ ಬಲವನ್ನೆಲ್ಲ ಹಾಕಿ ಕಲ್ಲು ಬಿಟ್ಟಳು. ಕೂತವರ ಅಂಡಿನಡಿ ನೆಲ ನಡುಗಿತು. ಎಷ್ಟೋ ದಿನಗಳ ಮೇಲೆ ತನ್ನ ಬಾಯಿ ಬಿಚ್ಚಿತು ಎನಿಸಿ ಅವಳಿಗೆ ಕುಣಿಯುವಷ್ಟು ಖುಷಿಯಾಯಿತು.

“ಯಪ್ಪಾ! ಗುಡುಗ್ತೋ!” ಮೊದಲು ಎದ್ದವರು ಶಿವಯೋಗೆಪ್ಪ. “ಏಳ್ರೋ, ರಾಶಿ ತೊಯ್ತಾವು! ನನ್ನ ತಾಡಪತ್ರಿ ಬಿಚ್ಚ್ರೋ!”

ಕುರ್ಚಿ ಒಂದು ಕಡೆ, ಅವರು ಒಂದು ಕಡೆ. ಕಂಬಕ್ಕೆ ಜೋತುಬಿದ್ದು ತಮ್ಮ ತಾಡಪತ್ರಿಯ ಹಗ್ಗ ಹರಿದರು. ಅದನ್ನು ನೋಡಿದ್ದೇ ತಡ, ಗಂಡಸರೆಲ್ಲ ತಂತಮ್ಮ ತಾಡಪತ್ರಿಗೆ ಕೈ ಹಾಕಿದರು. ಹಿಡಿ ಜೋಳದ ರಾಶಿಯೂ ಇಲ್ಲದ ಯಾಕೂಬ ಕೂಡ ಸೀರೆ ಎತ್ತಿ ಕಟ್ಟಿ ಓಡಿದ. ಅಡವಿಯಲ್ಲಿ ರಾಜನೊಬ್ಬನೇ ಉಳಿದ. ಪರದೆಯ ಹಿಂದೆ ನೀಲಾಬಾಯಿ ಇದೊಂದೂ ತಿಳಿಯದೆ ಗುಡುಗುತ್ತಲೇ ಇದ್ದಳು, ತನ್ನ ತಲೆಯ ಮೇಲಿನ ತಾಡಪತ್ರಿಯೂ ಸರ್ರನೆ ಸರಿದು ಹೋಗುವ ತನಕ.

ಮೇಲೆ ಜೋಳ ಚೆಲ್ಲಿದ ಹಾಗೆ ಚುಕ್ಕೆಗಳು. ಹತ್ತಿಯಷ್ಟು ಮೋಡವೂ ಇಲ್ಲ.

ಓಡುತ್ತಿದ್ದವರು ಒಬ್ಬೊಬ್ಬರಾಗಿ ನಿಂತು ಮುಗಿಲು ನೋಡಿದರು. ಹೆಗಲ ಮೇಲೆ ತಾಡಪತ್ರಿ ಹೊತ್ತು ತಿರುಗಿ ಬಂದರು. ಎಲ್ಲರ ಮುಂದೆ ಶಿವಯೋಗೆಪ್ಪ.

“ಯಾವನಲೇ ಅಂವ, ಗುಡುಗಿದಾಂವ?”

ನೀಲಾಬಾಯಿ ಗುಂಡುಕಲ್ಲನ್ನು ಎತ್ತಿ ಎದೆಗವಚಿಕೊಂಡಳು. ಮುಗಿಯಿತು, ಸಾಲಿಗೆ ಬೀಗ ಬಿತ್ತು, ಮಾಸ್ತರರ ಅನ್ನಕ್ಕೆ ತಾನೇ ಕಲ್ಲು ಹಾಕಿದೆ ಎಂದುಕೊಂಡಳು.

“ಅರವತ್ತು ವರ್ಷ ಆತು ನಾ ಗುಡುಗು ಕೇಳಾಕತ್ತು” ಎಂದರು ಶಿವಯೋಗೆಪ್ಪ, ಮೇಲುಸಿರು ಬಿಡುತ್ತ. ಇದ್ದಕ್ಕಿದ್ದಂತೆ ಅವರ ಹೊಟ್ಟೆ ಕುಲುಕತೊಡಗಿತು. “ಇವತ್ತ ನನಗ ಮೋಸ ಮಾಡ್ಯಾನಲ್ಲಲೇ! ಕರೀರಿ ಹೊರಗ. ಈ ರುಮಾಲು ಅವಗ ಆಯೇರಿ!”

ಮಾಸ್ತರರು ಪೇಟಿಯ ಹಿಂದೆ ತಲೆ ತಗ್ಗಿಸಿದರು. ಗುರಲಿಂಗಪ್ಪ ಮಾತ್ರ, ಮೈಮೇಲಿದ್ದ ರಾಜನ ಅಂಗಿಯ ಪ್ರಭಾವವೋ ಏನೋ, ಜೀವಮಾನದಲ್ಲಿ ಮೊದಲ ಸಲ ಅಪ್ಪನ ಮುಂದೆ ಎದೆಯುಬ್ಬಿಸಿ ಹಿಂದಿನ ಪರದೆ ಸರಿಸಿದ.

ನೀಲಾಬಾಯಿ ಹೊರಗೆ ಬಂದಳು. ತಲೆಯ ಮೇಲೆ ಸೆರಗು, ಕೈಯಲ್ಲಿ ಮನೆಯ ಗುಂಡುಕಲ್ಲು. ಶಿವಯೋಗೆಪ್ಪನವರ ನಗೆ ಅರ್ಧಕ್ಕೆ ನಿಂತಿತು. ರುಮಾಲು ಹಿಡಿದ ಕೈ ಮುಂದೂ ಬಾರದೆ ಹಿಂದೂ ಹೋಗದೆ ಗಾಳಿಯಲ್ಲಿ ಉಳಿಯಿತು.

ಹೆಂಗಸರ ಕಡೆಯಿಂದ ಅಕ್ಕನಾಗಮ್ಮ ಎಲೆಅಡಿಕೆ ಪಕ್ಕಕ್ಕೆ ಉಗುಳಿ ಕೇಳಿದಳು: “ಅಲ್ರಿ, ಇದು ಯಾವ ಮಾಸ?”

ಶಿವಯೋಗೆಪ್ಪ ಹೆಂಡತಿಯ ಕಡೆ ತಿರುಗಿದರು.

“ಮಾಘ ಅಲ್ಲೇನ್ರಿ? ಗುಡುಗ್ತಿಲ್ಲೋ?”

ಯಾರೋ ಕಿಸಕ್ಕೆಂದರು. ಶಿವಯೋಗೆಪ್ಪ ಹೆಗಲ ಮೇಲಿನ ತಾಡಪತ್ರಿಯನ್ನೊಮ್ಮೆ, ಚುಕ್ಕೆ ತುಂಬಿದ ಮುಗಿಲನ್ನೊಮ್ಮೆ ನೋಡಿದರು. “ಗುಡುಗಿಲ್ಲ ಅಂತ ಯಾವ ಬಾಯಿಲೆ ಹೇಳ್ಲಿ?” ಎಂದರು. “ಎಲ್ಲಾರಕಿಂತ ಮೊದಲ ಓಡಿದಾಂವ ನಾನ ಅದೇನಿ.” ರುಮಾಲನ್ನು ಸೊಸೆ ಹಿಡಿದಿದ್ದ ಕಲ್ಲಿನ ಮೇಲೆ ಇಟ್ಟರು. “ಮಾಸ್ತರ, ಮಾತು ಅಂದ್ರ ಮಾತು. ನಾಳಿಂದ ಇಕಿ ನಿಮ್ಮ ಸಾಲಿಗೆ ಬರ್ತಾಳ. ನಾನ ಕರ್ಕೊಂಡು ಬರ್ತೇನಿ.”

‘ಹೂಂರಿ’ ಎನ್ನುವುದನ್ನೂ ಮರೆತು ನೀಲಾಬಾಯಿ ರುಮಾಲನ್ನು ಕಣ್ಣಿಗೊತ್ತಿಕೊಂಡಳು. ಕಣ್ಣು ತುಂಬಿ ಬಂದಿದ್ದವು, ಬಾಯಿ ನಗುತ್ತಿತ್ತು. ಅಷ್ಟರಲ್ಲಿ ಸೀರೆ ಬಿಗಿದ ಯಾಕೂಬ ಏದುಸಿರು ಬಿಡುತ್ತ ಬಂದು, ಹಾಡಿಗೆ ಕೂಗುವ ಹಾಗೆ “ವನ್ಸ್ ಮೋರ್!” ಎಂದು ಕೂಗಿದ. ಊರೆಲ್ಲ ದನಿಗೂಡಿಸಿತು.

ಅವಳು ಪರದೆಯ ಹಿಂದೆ ಹೋದಳು. ಜನ ಚುಕ್ಕೆಗಳ ಕೆಳಗೆ ಸೂರಿಲ್ಲದೆ ಕೂತರು. ಗುಡುಗು ಮಮದಾಪುರದ ಕೆರೆ ದಾಟಿತು, ಅಗಸಿ ಬಾಗಿಲಿಗೆ ಬಂತು, ನೆತ್ತಿಯ ಮೇಲೆ ಒಡೆಯಿತು. ಶಿವಯೋಗೆಪ್ಪ ಅಲುಗಾಡದೆ ಕೂತಿದ್ದರು. ಎಲ್ಲ ಗೊತ್ತಿದ್ದೂ, ತಾಡಪತ್ರಿಯ ಒಂದು ತುದಿಯನ್ನು ಮೆಲ್ಲಗೆ ತಲೆಯ ಮೇಲೆ ಎಳೆದುಕೊಂಡರು.